ಆಮೇಲೆ ಸರಿಮಾಡುವುದು

ಹನ್ನೊಂದು ವರ್ಷ ನಾನು ಮಾಡಿದ್ದು ಬಾಗಿಲುಗಳನ್ನೇ.
ಮೊಂಬಾಸದ ಹಳೇಪೇಟೆಯ ಬಡಗಿಗಳು
ತೇಗದ ಚೌಕಟ್ಟಿನ ಮೇಲೆ ಬಳ್ಳಿ ಬಿಡಿಸುತ್ತಾರಲ್ಲ, ಹಾಗೆ
ಹೋಟೆಲಿನವರಿಗೆ, ದಂತವೈದ್ಯರಿಗೆ, ಮಾವು ರಫ್ತು ಮಾಡುವವರಿಗೆ
ಬಟನ್ನಿನ ಮೂಲೆ ಎಷ್ಟು ಗುಂಡಗಿರಬೇಕು,
ನೀಲಿ ಎಷ್ಟು ನೀಲಿ,
ಬೆರಳು ತಾಕಿದರೆ ಎಷ್ಟು ಮೆತ್ತಗೆ ತೆರೆದುಕೊಳ್ಳಬೇಕು.
ಗಿರಾಕಿ ಕೇಳುತ್ತಿದ್ದದ್ದು ಒಂದೇ: "ಬರುವವರಿಗೆ ಸುಲಭವಾ?"
ಸುಲಭ, ಎನ್ನುತ್ತಿದ್ದೆ.
ಬರುವವರು ಯಾರು ಎಂದು
ಅವರೂ ಕೇಳಲಿಲ್ಲ, ನಾನೂ.

ಮೂವತ್ತಾರಕ್ಕೆ ಮತ್ತೆ ಪಾಠ.
ಲಿಕೋನಿ ದಾಟುವ ಫೆರಿಯಲ್ಲಿ
ಆಡು, ಗೋಣಿಚೀಲ, ಟುಕ್‌ಟುಕ್‌ಗಳ ನಡುವೆ ನಿಂತು
ಪೋರ್ಟುಗಳ ಸಂಖ್ಯೆ ಉರುಹೊಡೆದೆ, ಮಗ್ಗಿಯ ಹಾಗೆ:
ಇಪ್ಪತ್ತೆರಡು, ಐವತ್ತಮೂರು, ನಾನೂರ ನಲವತ್ತಮೂರು.
ಪಕ್ಕದ ಮುದುಕ ಜಪವೆಂದು ತಿಳಿದು
ತಾನೂ ಮಣಿಸರ ತೆಗೆದ.

ಸಂಬಳ ಅರ್ಧ. ರಾತ್ರಿ ಪಾಳಿ.
ಮೊದಲಾದರೆ ಮಾಡಿದ್ದನ್ನು ಫೋನಿನಲ್ಲಿ ತೋರಿಸಬಹುದಿತ್ತು.
ಈಗ ಬೆಳಗ್ಗೆ ಗಂಡ ಕೇಳುತ್ತಾನೆ, ರಾತ್ರಿ ಏನಾಯಿತು?
ಏನೂ ಆಗಲಿಲ್ಲ, ಎನ್ನುತ್ತೇನೆ, ಹೆಮ್ಮೆಯಿಂದ.
ಅವನು ಮೊಟ್ಟೆ ಹುರಿಯುತ್ತಾನೆ.
ಮೇಲಧಿಕಾರಿ ಚೆಬೆಟ್‌ಗೆ ಇಪ್ಪತ್ತನಾಲ್ಕು.
ಅಕ್ಕ ಎಂದೇ ಕರೆದು ಬೈಯುತ್ತಾಳೆ:
"ನೀನು ಇನ್ನೂ ಕಟ್ಟುವವಳ ಹಾಗೆ ನೋಡುತ್ತೀ.
ಹಸಿದವನ ಹಾಗೆ ನೋಡು."

ನೋಡಲು ಕಲಿತೆ.
ಗೋಡೆ ಕಂಡರೆ ಬಿರುಕೇ ಮೊದಲು ಕಾಣುವಷ್ಟು.
ಮದುವೆಮನೆಯಲ್ಲಿ ಎದ್ದುಹೋಗಿ
ಹಿತ್ತಿಲ ಕದಕ್ಕೆ ಅಗುಳಿ ಇದೆಯೇ ನೋಡಿ ಬಂದೆ.
ಹೋಂವರ್ಕ್ ಆಯ್ತಮ್ಮ, ಎಂದ ಮಗನಿಗೆ
ಲಾಗ್ ಎಲ್ಲಿ, ಎಂದೆ. ಅವನು ನಗಲಿಲ್ಲ.
ಇದು ಕಸುಬೋ ಕಾಯಿಲೆಯೋ
ಇನ್ನೂ ಗೊತ್ತಾಗಿಲ್ಲ.

ಆಗ ಬಂತು ಕಿಲಿಫಿಯ ಕೆಲಸ.
ಮೀನು ಮಾರುವ ಹೆಂಗಸರ ಉಳಿತಾಯ ಸಂಘ;
ಒಪ್ಪಿಗೆ ಪತ್ರ ಇದೆ, ಠಸ್ಸೆ ಇದೆ,
"ಒಡೆದು ತೋರಿಸು" ಅಂದಳು ಚೆಬೆಟ್, ಚಹಾ ಕಲಕುತ್ತ.
ಪುಟ ತೆರೆಯಿತು.
ಆ ನೀಲಿ. ಆ ಗುಂಡು ಮೂಲೆ.
ತವರಿನ ಹೊಸ್ತಿಲನ್ನು ಕತ್ತಲಲ್ಲೂ ಕಾಲು ಗುರುತಿಸುತ್ತದೆ.

ಹೆಸರು ಬರೆಯುವ ಚೌಕದಲ್ಲಿ
ಒಂದೇ ಒಂದು ಉದ್ಧರಣ ಚಿಹ್ನೆ ಒತ್ತಿದೆ,
ಮೇಲೆ ಹತ್ತಿ ಕೂತ ಅಲ್ಪವಿರಾಮ,
ಅಕ್ಕಿನುಚ್ಚಿನಷ್ಟು.
ಬಲೆ ಹರಿದ ಹಾಗೆ ಸುರಿಯಿತು:
ಇನ್ನೂರ ಹದಿನೇಳು ಹೆಂಗಸರು,
ಅವರ ಫೋನು, ಅವರ ಸಾಲ, ಸಾಲಕ್ಕೆ ಬರೆದ ಕಾರಣ.
ಮಂಜುಗಡ್ಡೆಯ ಪೆಟ್ಟಿಗೆ. ಶಾಲೆಯ ಬೂಟು.
ಗಂಡನಿಗೆ ಹೇಳಬೇಡಿ.
ನಲವತ್ತನೆಯವಳು ನನ್ನ ಚಿಕ್ಕಮ್ಮ ಮ್ವಾಕಾ.

ಕೋಡ್ ತರಿಸಿದರು. ಮುನ್ನೂರ ಹನ್ನೆರಡನೆಯ ಸಾಲಿನ ಪಕ್ಕ
ಇಪ್ಪತ್ತೈದರ ನನ್ನ ಅವಸರ ಬರೆದಿಟ್ಟಿತ್ತು:
ಆಮೇಲೆ ಸರಿಮಾಡುವುದು.
ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರಂತೆ.
ಇಲ್ಲಿ ಸೂರೆಯಾಗಿತ್ತೋ ಇಲ್ಲವೋ ಹೇಳಲು
ಒಂದು ಲಾಗ್ ಕೂಡ ಇಲ್ಲ;
ಅದನ್ನೂ ಆಮೇಲೆಗೇ ಬಿಟ್ಟಿದ್ದೆ.

ವರದಿ ಬರೆದೆ. ಅಪಾಯ: ಅತಿ ಹೆಚ್ಚು.
ಕಟ್ಟಿದವರು ಎಂಬಲ್ಲಿ 'ತಿಳಿದಿಲ್ಲ' ಎಂದು ಬರೆದು
ಅಳಿಸಿ, ನನ್ನ ಹೆಸರು ಬರೆದೆ.
ಚೆಬೆಟ್ ಓದಿದಳು. ಏನೂ ಅನ್ನಲಿಲ್ಲ.
ತನ್ನ ಮಂದಾಜಿಯಲ್ಲಿ ಅರ್ಧ ಮುರಿದು ನನ್ನ ಕೀಬೋರ್ಡಿನ ಪಕ್ಕ ಇಟ್ಟಳು.

ಭಾನುವಾರ ಕಿಲಿಫಿಗೆ ಹೋದೆ.
ಚಿಕ್ಕಮ್ಮ ಮೀನಿನ ಹೊಟ್ಟೆ ಸೀಳುತ್ತಿದ್ದಳು.
ಪಾಸ್‌ವರ್ಡ್ ಬದಲಿಸಬೇಕು ಎಂದೆ.
"ಯಾಕೆ? ನಿನ್ನ ಹೆಸರು, ನೀನು ಹುಟ್ಟಿದ ಇಸವಿ.
ಅದರಲ್ಲೇನು ತಪ್ಪು?"
ಬೇರೆ ಇಡು, ಎಂದೆ. ಯಾರೂ ಊಹಿಸಲಾಗದ್ದು.
ನಿನಗೆ ಸಂಬಂಧವೇ ಇಲ್ಲದ್ದು.
ಕತ್ತಿ ನಿಂತಿತು.
ಹುರುಪೆ ಅಂಟಿದ ಮಣಿಕಟ್ಟಿನಿಂದ ಹಣೆ ಒರೆಸಿಕೊಂಡು ಕೇಳಿದಳು:
"ಸಂಬಂಧವೇ ಇಲ್ಲದ್ದನ್ನು
ನೆನಪಿಟ್ಟುಕೊಳ್ಳುವುದು ಹೇಗೆ, ಕಾಡ್ಜೊ?"